ಗಾಂಜಾದ ಗುಮಾನಿಯೂ ನಿರಪರಾಧಿಯ ರಕ್ಷಣೆಯೂ

ಭಂಗಿಯ ಗಿಡವು ಕನ್ನಡ ನಾಡಿಗೆ ಹೊಸದಲ್ಲ. ವೈದ್ಯಶಾಸ್ತ್ರದಲ್ಲಿ ಇದಕ್ಕೆ ವಿಜಯಾ ಎಂಬ ಗೌರವದ ಹೆಸರುಂಟು; ಹಳ್ಳಿಯ ಮಾತಿನಲ್ಲಿ ಇದು ಭಂಗಿಸೊಪ್ಪು; ಪೊಲೀಸಿನವರ ಮಹಜರಿನಲ್ಲಿ ಗಾಂಜಾ. ಈ ಮೂರು ಹೆಸರುಗಳೂ ಒಂದೇ ಗಿಡಕ್ಕೆ ಸಂಬಂಧಿಸಿದವಾದರೂ ಒಂದೇ ವಸ್ತುವನ್ನು ಹೇಳುವುದಿಲ್ಲ. ಎಲೆ ಬೇರೆ, ಹೂತ ತೆನೆ ಬೇರೆ, ತೆನೆಯಿಂದ ಒಸರುವ ಅಂಟು ಬೇರೆ. ಈ ಭೇದವನ್ನು ಅರಿಯದೆ, ಅಥವಾ ಅರಿತೂ ಅಲಕ್ಷಿಸಿ ಬರೆದ ಒಂದು ಮಹಜರಿನ ಬಲದ ಮೇಲೆ ಒಬ್ಬ ಮನುಷ್ಯನು ವಿಚಾರಣೆಯಿಲ್ಲದೆ ವರ್ಷಗಟ್ಟಲೆ ತುರಂಗದಲ್ಲಿರಬೇಕಾಗುವುದುಂಟು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಗಳ ವಿದ್ಯಾವಂತ ಕುಟುಂಬಗಳಲ್ಲಿ ಗಾಂಜಾ ಮೊಕದ್ದಮೆಯೆಂದರೆ ತಮಗೆ ದೂರದ ಮಾತೆಂಬ ಭಾವನೆ ರೂಢವಾಗಿದೆ. ಆದರೆ ಆಪಾದನೆಯು ಮನೆಯ ಯೋಗ್ಯತೆಯನ್ನು ವಿಚಾರಿಸಿಕೊಂಡು ಬಾಗಿಲಿಗೆ ಬರತಕ್ಕದ್ದಲ್ಲ. ಹಿತ್ತಲಿನಲ್ಲಿ ಏನಿತ್ತು, ಚೀಲದಲ್ಲಿ ಏನು ಸಿಕ್ಕಿತು ಎಂಬಿಷ್ಟರಿಂದಲೇ ಅದು ಹುಟ್ಟುವುದು. ಆದುದರಿಂದ ಇಂಥ ಆಪಾದನೆಗಳ ಚರಿತ್ರೆಯನ್ನೂ, ಅವುಗಳಿಂದ ನಿರಪರಾಧಿಯನ್ನು ಕಾಪಾಡುವುದಕ್ಕಾಗಿ ನಡೆದ ಪ್ರಯತ್ನಗಳ ಚರಿತ್ರೆಯನ್ನೂ ತಿಳಿದಿರುವುದು ವ್ಯರ್ಥವಾಗಲಾರದು.

ಈ ಚರಿತ್ರೆಯ ಮೊದಲ ದೊಡ್ಡ ಅಧ್ಯಾಯವು ೧೮೯೩ನೆಯ ಇಸವಿಗೆ ಸೇರಿದುದು. ಇಂಡಿಯಾದ ಹುಚ್ಚರ ಆಸ್ಪತ್ರೆಗಳು ಗಾಂಜಾ ಸೇದುವವರಿಂದ ತುಂಬಿವೆಯೆಂಬ ಮಾತು ಆ ಕಾಲದಲ್ಲಿ ಇಂಗ್ಲೆಂಡಿನ ಕಾಮನ್ಸ್ ಸಭೆಯವರೆಗೂ ಹೋಗಿ ಮುಟ್ಟಿದ್ದಿತು. ವಿಲಿಯಂ ಕೇನ್ ಎಂಬ ಸದಸ್ಯನು ಸಭೆಯಲ್ಲಿ ಈ ಪ್ರಶ್ನೆಯನ್ನೆತ್ತಿದನು. ಅದರ ಫಲವಾಗಿ ಇಂಡಿಯಾ ಸರ್ಕಾರದವರು ಆ ವರ್ಷದ ಜುಲೈ ತಿಂಗಳಲ್ಲಿ ಮ್ಯಾಕ್‌ವರ್ತ್ ಯಂಗ್ ಎಂಬವನ ಅಧ್ಯಕ್ಷತೆಯಲ್ಲಿ ಏಳು ಜನರ ಒಂದು ಆಯೋಗವನ್ನು ನೇಮಿಸಿದರು. ಏಳರಲ್ಲಿ ಮೂವರು ಭಾರತೀಯರು. ಆಯೋಗದವರು ದೇಶವನ್ನೆಲ್ಲ ಸುತ್ತಿ ೧,೧೯೩ ಮಂದಿ ಸಾಕ್ಷಿಗಳ ಹೇಳಿಕೆಗಳನ್ನು ಪಡೆದು, ೧೮೯೪ರಲ್ಲಿ ಅನೇಕ ಸಂಪುಟಗಳ ವರದಿಯನ್ನು ಒಪ್ಪಿಸಿದರು. ಪರಕೀಯ ಸರ್ಕಾರದ ಆಯೋಗಗಳಲ್ಲಿ ಇಷ್ಟು ತಾಳ್ಮೆಯಿಂದ, ಇಷ್ಟು ನಿಷ್ಪಕ್ಷಪಾತವಾಗಿ ಕೆಲಸಮಾಡಿದವು ಹೆಚ್ಚಿಲ್ಲ. ಸರ್ಕಾರಕ್ಕೆ ಅಬಕಾರಿ ಉತ್ಪನ್ನದ ಆಸೆಯಿದ್ದುದರಿಂದ ವರದಿಯು ಸರ್ಕಾರಕ್ಕೆ ಅನುಕೂಲವಾಗಿಯೇ ಬಂದಿತೆಂದು ಹೇಳುವವರಿರುವರು. ಆ ಶಂಕೆ ಅಸಹಜವಲ್ಲವಾದರೂ, ಆಯೋಗದವರು ಪರಿಶೀಲಿಸಿದ ಕ್ರಮವನ್ನು ನೋಡಿದರೆ ಶಂಕೆಯು ಬಹುಮಟ್ಟಿಗೆ ನಿವಾರಣೆಯಾಗುವುದು.

ಆ ಕ್ರಮವು ಹೀಗಿದ್ದಿತು. ೧೮೯೨ನೆಯ ಇಸವಿಯಲ್ಲಿ ಬ್ರಿಟಿಷ್ ಇಂಡಿಯಾದ ಹುಚ್ಚರ ಆಸ್ಪತ್ರೆಗಳಿಗೆ ಸೇರಿದ ರೋಗಿಗಳ ಪೈಕಿ ೨೨೨ ಮಂದಿಯ ಹುಚ್ಚಿಗೆ ಗಾಂಜಾ ಮೊದಲಾದುವೇ ಕಾರಣವೆಂದು ರಿಜಿಸ್ಟರುಗಳಲ್ಲಿ ದಾಖಲಾಗಿದ್ದಿತು. ಈ ಅಂಕೆಯನ್ನೇ ಎಲ್ಲರೂ ಉದಾಹರಿಸುತ್ತಿದ್ದರು. ಆಯೋಗದವರು ಅಂಕೆಯನ್ನು ನಂಬುವುದಕ್ಕೆ ಮೊದಲು, ಆ ದಾಖಲೆಯನ್ನು ಬರೆದವರಾರು, ಯಾವ ಆಧಾರದ ಮೇಲೆ ಬರೆದರು ಎಂದು ಕೇಳಿದರು. ಉತ್ತರವು ಆಶ್ಚರ್ಯಕರವಾಗಿದ್ದಿತು. ರೋಗಿಯು ಆಸ್ಪತ್ರೆಗೆ ಬರುವಾಗ ಅವನೊಡನೆ ಒಂದು ವಿವರಪತ್ರವು ಬರುತ್ತಿದ್ದಿತು; ಅದರಲ್ಲಿ ‘ಕಾರಣ’ ಎಂಬ ಅಂಕಣವನ್ನು ತುಂಬುತ್ತಿದ್ದವನು ವೈದ್ಯನಲ್ಲ, ಬಹುತೇಕ ಪೊಲೀಸಿನವನು. ಬೀದಿಯಲ್ಲಿ ಸಿಕ್ಕಿದ ಅನಾಥನಾದ ಹುಚ್ಚನ ಪೂರ್ವಚರಿತ್ರೆ ಯಾರಿಗೆ ತಿಳಿಯಬೇಕು? ಇವನು ಗಾಂಜಾ ಸೇದುತ್ತಿದ್ದನೆ ಎಂದು ವಿಚಾರಿಸಿದಾಗ ಯಾರಾದರೂ ಹೌದೆಂದರೆ ಅಂಕಣವು ತುಂಬಿತು. ವೈದ್ಯನು ಅದನ್ನೇ ತನ್ನ ರಿಜಿಸ್ಟರಿಗೆ ಇಳಿಸಿಕೊಂಡನು. ರಿಜಿಸ್ಟರುಗಳನ್ನು ಕೂಡಿಸಿ ವಾರ್ಷಿಕ ವರದಿಯಾಯಿತು. ವಾರ್ಷಿಕ ವರದಿಯು ಶಾಸ್ತ್ರಪ್ರಮಾಣವಾಯಿತು. ಹೀಗೆ ಕಾನಿಸ್ಟೇಬಲನ ಊಹೆಯೊಂದು ಮೆಟ್ಟಿಲು ಮೆಟ್ಟಿಲಾಗಿ ಏರಿ ಕಾಮನ್ಸ್ ಸಭೆಯನ್ನು ಮುಟ್ಟಿದ್ದಿತು. ಆಯೋಗದವರು ಆ ೨೨೨ ಮೊಕದ್ದಮೆಗಳನ್ನೂ ಒಂದೊಂದಾಗಿ ಬಿಚ್ಚಿ ನೋಡಿದರು. ಗಾಂಜಾದ ಸಂಬಂಧವನ್ನು ಯಥಾಶಕ್ತಿ ಸ್ಥಾಪಿಸಬಹುದಾದವು ೯೮ ಮಾತ್ರ ಉಳಿದವು. ಬೇರೆ ಯಾವ ಕಾರಣವೂ ಕೂಡಿರದೆ ಗಾಂಜಾ ಒಂದೇ ಕಾರಣವೆನ್ನಬಹುದಾದವು ೬೧.

ಕೊಲೆ ಮೊದಲಾದ ಘೋರ ಅಪರಾಧಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ಗಾಂಜಾ ಸೇದಿ ಮತ್ತನಾಗಿ ಕೊಲೆ ಮಾಡಿದವರನ್ನು ತಾವು ಬಲ್ಲೆವೆಂದು ಅನೇಕ ಅಧಿಕಾರಿಗಳು ಸಾಕ್ಷ್ಯ ಹೇಳಿದ್ದರು. ಆಯೋಗದವರು ಆಯಾ ಮೊಕದ್ದಮೆಗಳ ಹಳೆಯ ಕಡತಗಳನ್ನು ತರಿಸಿ ಓದಿದಾಗ, ದೊರೆತವುಗಳಲ್ಲಿ ಬಹುಪಾಲು ಕಡತಗಳು ಸಾಕ್ಷಿಗಳ ಮಾತನ್ನು ಸಮರ್ಥಿಸಲಿಲ್ಲ. ಸಾಕ್ಷಿಗಳು ಸುಳ್ಳು ಹೇಳಬೇಕೆಂದು ಹೇಳಿದವರಲ್ಲ. ಮೊದಲೇ ಮನಸ್ಸಿನಲ್ಲಿ ನೆಲೆಸಿದ್ದ ಒಂದು ಅಭಿಪ್ರಾಯವು ಅವರ ನೆನಪನ್ನು ತನಗೆ ಬೇಕಾದಂತೆ ತಿದ್ದಿದ್ದಿತು. ಈ ಒಂದು ವಿಷಯವನ್ನು ಮುಂದಿನ ಕಾಲದ ಶಾಸನಕರ್ತರು ನೆನಪಿನಲ್ಲಿಟ್ಟಿದ್ದರೆ ಎಷ್ಟೋ ಕಷ್ಟವು ತಪ್ಪುತ್ತಿದ್ದಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳತಕ್ಕ ಕೇಡಿಲ್ಲ, ಅತಿಯಾದ ಬಳಕೆಯಿಂದ ಕೇಡುಂಟು, ಪೂರ್ಣ ನಿಷೇಧವು ಅವಶ್ಯಕವೂ ಅಲ್ಲ ಉಚಿತವೂ ಅಲ್ಲ, ಪರವಾನಗಿ ಮತ್ತು ತೆರಿಗೆಗಳಿಂದ ಹತೋಟಿಯಲ್ಲಿಡುವುದೇ ಲೇಸು ಎಂಬುದು ಆಯೋಗದ ಒಟ್ಟು ಅಭಿಪ್ರಾಯವಾಗಿದ್ದಿತು.

ಇಲ್ಲಿ ಇನ್ನೊಂದು ಆಯೋಗದ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅದು ಇದಕ್ಕಿಂತ ಸುಮಾರು ನಾಲ್ವತ್ತು ವರ್ಷ ಹಿಂದಿನದು. ಗಾಂಜಾಕ್ಕೂ ಅದಕ್ಕೂ ಮೇಲುನೋಟಕ್ಕೆ ಸಂಬಂಧವಿಲ್ಲ. ಮದರಾಸು ಆಧಿಪತ್ಯದಲ್ಲಿ ಕಂದಾಯ ವಸೂಲಿಗಾಗಿಯೂ ತಪ್ಪೊಪ್ಪಿಗೆ ಪಡೆಯುವುದಕ್ಕಾಗಿಯೂ ಸರ್ಕಾರದ ನೌಕರರು ಜನರನ್ನು ಹಿಂಸಿಸುತ್ತಿರುವರೆಂಬ ದೂರಿನ ಮೇಲೆ ಎಲಿಯಟ್, ಸ್ಟೋಕ್ಸ್, ನಾರ್ಟನ್ ಎಂಬ ಮೂವರನ್ನು ವಿಚಾರಣೆಗೆ ನೇಮಿಸಲಾಗಿ, ಅವರು ೧೮೫೫ರಲ್ಲಿ ವರದಿಯನ್ನು ಕೊಟ್ಟರು. ಕನ್ನಡ ಜಿಲ್ಲೆಗಳೂ ಬಳ್ಳಾರಿಯೂ ಆಗ ಮದರಾಸಿಗೆ ಸೇರಿದ್ದವು. ಬೆರಳುಗಳನ್ನು ಮರದ ಕಿಟ್ಟಿಯಲ್ಲಿಟ್ಟು ಅಮುಕುವುದು, ಮನುಷ್ಯನನ್ನು ಬಗ್ಗಿಸಿ ಕೊರಳಿಗೂ ಕಾಲಿಗೂ ಹಗ್ಗ ಬಿಗಿದು ಬಿಸಿಲಿನಲ್ಲಿ ನಿಲ್ಲಿಸುವುದು ಮೊದಲಾದ ಕ್ರಮಗಳು ಬಳಕೆಯಲ್ಲಿದ್ದುವೆಂದು ಆ ವರದಿಯಿಂದ ಸ್ಥಿರಪಟ್ಟಿತು. ಅಂದಿನಿಂದ, ಪೊಲೀಸಿನವನ ಮುಂದೆ ಒಪ್ಪಿಕೊಂಡ ಮಾತು ಮಾತಲ್ಲವೆಂಬ ತತ್ತ್ವವು ಬೇರೂರತೊಡಗಿತು. ೧೮೬೧ರ ಕ್ರಿಮಿನಲ್ ಪ್ರೊಸೀಜರ್ ಸಂಹಿತೆಯಲ್ಲಿ ಅದು ಸೇರಿತು. ೧೮೭೨ರ ಸಾಕ್ಷ್ಯ ಶಾಸನದ ೨೫ನೆಯ ಕಲಮಾಗಿ ನೆಲೆನಿಂತಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ವಿರುದ್ಧ ರುಜುವಾತು ಮಾಡಕೂಡದೆಂಬುದೇ ಅದರ ಅರ್ಥ. ಪರಕೀಯ ಆಡಳಿತಗಾರರು ತಮ್ಮ ನೌಕರರನ್ನೇ ನಂಬದೆ ಬರೆದುಕೊಂಡ ಈ ಒಂದು ಸಾಲು, ಈ ದೇಶದ ಬಡವನಿಗೆ ದೊರೆತ ಅತಿದೊಡ್ಡ ರಕ್ಷಣೆಗಳಲ್ಲೊಂದು.

ಮೈಸೂರು ಸಂಸ್ಥಾನಕ್ಕೆ ಬರೋಣವಾಗಲಿ. ೧೮೩೧ರಿಂದ ೧೮೮೧ರವರೆಗೆ ನಡೆದ ಕಮಿಷನರ ಆಡಳಿತದಲ್ಲಿ ಬ್ರಿಟಿಷ್ ಇಂಡಿಯಾದ ದಂಡಸಂಹಿತೆಯೇ ಮುಂತಾದುವು ಇಲ್ಲಿಯೂ ಬಳಕೆಗೆ ಬಂದವು. ೧೮೮೧ರಲ್ಲಿ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಸ್ಥಾಪಿಸಿದ ಮೇಲೆ ತಾಲ್ಲೂಕು ತಾಲ್ಲೂಕಿನ ಪ್ರತಿನಿಧಿಗಳು ದಸರೆಯ ಕಾಲಕ್ಕೆ ಮೈಸೂರಿಗೆ ಹೋಗಿ ದಿವಾನರ ಮುಂದೆ ತಮ್ಮ ಕಷ್ಟಗಳನ್ನು ಅರಿಕೆಮಾಡಿಕೊಳ್ಳುವ ಪದ್ಧತಿಯುಂಟಾಯಿತು. ಗಾಂಜಾ ಅಫೀಮುಗಳು ಅಬಕಾರಿಗೆ ಸೇರಿದ ಬಾಬುಗಳಾಗಿದ್ದವು. ಹಳ್ಳಿಯಲ್ಲಿ ಪಟೇಲ ಶಾನುಭೋಗರೇ ಸರ್ಕಾರದ ಕಣ್ಣು ಕಿವಿಗಳು. ಮಹಜರಿಗೆ ಪಂಚಾಯಿತರಾಗಿ ರುಜು ಹಾಕುವವರನ್ನು ಕರೆತರುವವರೂ ಅವರೇ. ಪಟೇಲನಿಗಾಗದವನ ಮನೆಯ ಮೇಲೆ ದಾಳಿ ನಡೆಯುವುದು ಸುಲಭವೆಂಬುದು ಯಾವ ಹಳ್ಳಿಗನಿಗೂ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ಆ ಹುದ್ದೆಗಳು ೧೯೬೧ರ ಶಾಸನದಿಂದ ರದ್ದಾಗಿ ಹೋದವು. ಮಹಜರು ಮಾತ್ರ ಉಳಿಯಿತು. ಪಂಚರನ್ನು ಆರಿಸುವ ಕೆಲಸವು ಠಾಣೆಯ ಕೈಗೆ ಪೂರ್ತಿಯಾಗಿ ಬಂದಿತು.

ಸ್ವಾತಂತ್ರ್ಯಾನಂತರ ೧೯೬೫ರ ಮೈಸೂರು ಅಬಕಾರಿ ಶಾಸನವು ಜಾರಿಗೆ ಬಂದಿತು; ಸಂಸ್ಥಾನದ ಹೆಸರು ಬದಲಾದ ಮೇಲೆ ಅದೇ ಕರ್ನಾಟಕ ಅಬಕಾರಿ ಶಾಸನವಾಯಿತು. ಈ ಶಾಸನದ ಅಡಿಯಲ್ಲಿ ಹುಟ್ಟಿದ ಒಂದು ಸಣ್ಣ ಮೊಕದ್ದಮೆಯು ಮುಂದೆ ದೇಶಕ್ಕೆಲ್ಲ ದಾರಿದೀಪವಾದುದು ಕನ್ನಡಿಗರು ನೆನೆಯತಕ್ಕ ವಿಷಯವಾಗಿದೆ. ಅಬಕಾರಿ ಇನ್‌ಸ್ಪೆಕ್ಟರೊಬ್ಬನು ಒಬ್ಬನ ಕಾರನ್ನು ವಾರಂಟಿಲ್ಲದೆ ಶೋಧಿಸಿ ಮದ್ಯದ ಶೀಸೆಗಳನ್ನು ಹಿಡಿದನು. ವಾರಂಟಿಲ್ಲದೆ ಶೋಧಿಸಬೇಕಾದರೆ ಅದಕ್ಕೆ ಕಾರಣವೇನೆಂಬುದನ್ನು ಮೊದಲು ಬರೆದಿಡತಕ್ಕದ್ದೆಂದು ೫೪ನೆಯ ಕಲಮು ವಿಧಿಸುವುದು. ಇನ್‌ಸ್ಪೆಕ್ಟರನು ಬರೆದಿರಲಿಲ್ಲ. ಕೆಳಗಿನ ನ್ಯಾಯಸ್ಥಾನಗಳು ಇದನ್ನು ಕ್ಷುಲ್ಲಕವಾದ ಲೋಪವೆಂದೆಣಿಸಿ ಶಿಕ್ಷೆಯನ್ನು ಎತ್ತಿಹಿಡಿದವು. ೧೯೭೯ರಲ್ಲಿ ಸುಪ್ರೀಂ ಕೋರ್ಟು, ಕಾರಣವನ್ನು ಬರೆಯದೆ ನಡೆಸಿದ ಶೋಧನೆಯು ಅಧಿಕಾರವಿಲ್ಲದೆ ನಡೆಸಿದ ಶೋಧನೆಯೇ ಸರಿಯೆಂದು ಹೇಳಿ ಆಪಾದಿತನನ್ನು ಬಿಡುಗಡೆ ಮಾಡಿತು. ಕೆಲವು ಶೀಸೆ ಮದ್ಯಕ್ಕಾಗಿ ನಡೆದ ಈ ತೀರ್ಪನ್ನೇ ೧೯೯೪ರಲ್ಲಿ ಅದೇ ನ್ಯಾಯಸ್ಥಾನವು ಮಾದಕ ದ್ರವ್ಯಗಳ ಶೋಧನೆಯ ವಿಷಯದಲ್ಲಿ ಆಧಾರವಾಗಿ ಸ್ವೀಕರಿಸಿತು. ಬರೆದಿಡುವುದರಿಂದ ಏನಾಗುವುದೆಂದು ಕೇಳುವವರಿಗೆ ಉತ್ತರವಿಷ್ಟೆ: ಮೊದಲು ಬರೆದಿಟ್ಟ ಕಾರಣವನ್ನು, ಶೋಧನೆಯಲ್ಲಿ ಏನು ಸಿಕ್ಕಿತೋ ಅದಕ್ಕೆ ತಕ್ಕಂತೆ ಆಮೇಲೆ ಹೊಂದಿಸಿಕೊಳ್ಳುವುದಕ್ಕೆ ಬರುವುದಿಲ್ಲ.

ಅಷ್ಟರಲ್ಲಿ ಹೊರಗಿನ ಪ್ರಪಂಚವು ಬೇರೊಂದು ಹಾದಿಯನ್ನು ಹಿಡಿದಿದ್ದಿತು. ೧೯೬೧ರಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಮಾದಕ ದ್ರವ್ಯಗಳ ಏಕ ಒಪ್ಪಂದದ ಪ್ರಕಾರ, ವೈದ್ಯಕೀಯವಲ್ಲದ ಗಾಂಜಾ ಬಳಕೆಯನ್ನು ಇಪ್ಪತ್ತೈದು ವರ್ಷಗಳೊಳಗಾಗಿ ನಿಲ್ಲಿಸತಕ್ಕದ್ದೆಂದಾಯಿತು. ಎಲೆಯಿಂದ ಮಾಡುವ ಭಂಗಿಯು ಒಪ್ಪಂದದ ವ್ಯಾಖ್ಯೆಯಿಂದ ಹೊರಗುಳಿಯಿತು. ಗಡುವು ಸಮೀಪಿಸಲು, ೧೯೮೫ರಲ್ಲಿ ಪಾರ್ಲಿಮೆಂಟು, ಎನ್.ಡಿ.ಪಿ.ಎಸ್. ಎಂಬ ಅಕ್ಷರಗಳಿಂದ ಈಗ ಎಲ್ಲರಿಗೂ ಪರಿಚಿತವಾಗಿರುವ ಅಧಿನಿಯಮವನ್ನು ಅಂಗೀಕರಿಸಿತು. ಆ ವರ್ಷದ ನವೆಂಬರ್ ೧೪ರಿಂದ ಅದು ಜಾರಿಗೆ ಬಂದಿತು. ತೊಂಬತ್ತು ವರ್ಷ ಹಿಂದಿನ ಆಯೋಗವು ಅನುಚಿತವೆಂದಿದ್ದ ನಿಷೇಧವೇ ಶಾಸನವಾಯಿತು.

ಈ ಶಾಸನದ ಮೂರು ಅಂಶಗಳಲ್ಲಿ ನಿರಪರಾಧಿಗೆ ಅಪಾಯವಿರುವುದು. ಒಂದು, ೩೫ ಮತ್ತು ೫೪ನೆಯ ಕಲಮುಗಳ ಪ್ರಕಾರ, ವಸ್ತುವು ಒಬ್ಬನ ವಶದಲ್ಲಿತ್ತೆಂದು ತೋರಿದರೆ ಅವನು ಅರಿತೇ ಇಟ್ಟುಕೊಂಡಿದ್ದನೆಂದು ನ್ಯಾಯಸ್ಥಾನವು ಭಾವಿಸತಕ್ಕದ್ದು. ಅಲ್ಲವೆಂದು ತೋರಿಸುವ ಭಾರವು ಆಪಾದಿತನದು. ಸಾಮಾನ್ಯ ಅಪರಾಧಗಳಲ್ಲಿ ಫಿರ್ಯಾದಿಯ ಹೆಗಲ ಮೇಲಿರುವ ಹೊರೆಯು ಇಲ್ಲಿ ಅರ್ಧ ದಾರಿಯಲ್ಲಿ ಮುದ್ದಾಯಿಯ ಹೆಗಲಿಗೆ ಬರುವುದು. ಎರಡನೆಯದು, ೧೯೮೯ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ೩೭ನೆಯ ಕಲಮು: ಆಪಾದಿತನು ತಪ್ಪಿತಸ್ಥನಲ್ಲವೆಂದು ನಂಬುವುದಕ್ಕೆ ಸಾಕಾದ ಆಧಾರವುಂಟೆಂದು ನ್ಯಾಯಾಧೀಶರಿಗೆ ಮನವರಿಕೆಯಾದ ಹೊರತು ಜಾಮೀನು ಕೊಡಕೂಡದು. ವಿಚಾರಣೆಯೇ ನಡೆಯದೆ ನಿರಪರಾಧಿತ್ವವನ್ನು ಹೇಗೆ ತೋರಿಸಬೇಕೆಂಬುದಕ್ಕೆ ಶಾಸನದಲ್ಲಿ ಉತ್ತರವಿಲ್ಲ. ಮೂರನೆಯದು ತೂಕ.

ತೂಕದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ, ಏಕೆಂದರೆ ರೈತರ ಸೀಮೆಗೆ ಅತ್ಯಂತ ಹತ್ತಿರವಾದುದು ಇದೇ. ೧೯೮೫ರ ಮೂಲ ಶಾಸನದಲ್ಲಿ ಗಾಂಜಾಕ್ಕೂ ಭಂಗಿ ಗಿಡದ ಬೇಸಾಯಕ್ಕೂ ಐದು ವರ್ಷಗಳವರೆಗಿನ ಶಿಕ್ಷೆಯಿದ್ದಿತು. ಹೆರಾಯಿನ್ ಮೊದಲಾದುವುಗಳಿಗೆ ಕನಿಷ್ಠ ಹತ್ತು ವರ್ಷ. ಅಲ್ಪ ಪ್ರಮಾಣವನ್ನು ಇಟ್ಟುಕೊಂಡವನಿಗೂ ದೊಡ್ಡ ವ್ಯಾಪಾರಿಗೂ ಒಂದೇ ದಂಡವಾಗುತ್ತಿದೆಯೆಂಬ ಕೂಗೆದ್ದುದರಿಂದ ೨೦೦೧ರ ಅಕ್ಟೋಬರ್ ೨ರಿಂದ ತೂಕಕ್ಕೆ ತಕ್ಕಂತೆ ಶಿಕ್ಷೆಯನ್ನು ಮೂರು ತರಗತಿಗಳಾಗಿ ವಿಂಗಡಿಸಲಾಯಿತು. ಇದನ್ನು ಸುಧಾರಣೆಯೆಂದೇ ಎಲ್ಲರೂ ಹೊಗಳಿದರು. ಹೆರಾಯಿನ್ನಿನ ವಿಷಯದಲ್ಲಿ ಅದು ಸುಧಾರಣೆಯೂ ಹೌದು. ಗಾಂಜಾದ ವಿಷಯದಲ್ಲಿ ಮಾತ್ರ ೧ ಕಿಲೋ ಒಳಗೆ ಅಲ್ಪ ಪ್ರಮಾಣ, ೨೦ ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣವೆಂದಾಗಿ, ಹಿಂದೆ ಐದು ವರ್ಷದ ಮೇಲೆ ಶಿಕ್ಷೆಯಿಲ್ಲದಿದ್ದ ಕಡೆ ಈಗ ಹತ್ತರಿಂದ ಇಪ್ಪತ್ತು ವರ್ಷಗಳ ಶಿಕ್ಷೆಯು ಬಂದಿತು. ಬೇಸಾಯದ ಶಿಕ್ಷೆಯೂ ಐದರಿಂದ ಹತ್ತಕ್ಕೇರಿತು. ಕರುಣೆಯ ಹೆಸರಿನಲ್ಲಿ ಬಂದ ತಿದ್ದುಪಡಿಯಿಂದ ಗಾಂಜಾದ ಆಪಾದಿತನಿಗೆ ಶಿಕ್ಷೆ ನಾಲ್ಮಡಿಯಾಗಬಹುದಾದ ಈ ವಿಚಿತ್ರವನ್ನು ಗಮನಿಸಿದವರು ವಿರಳ.

ಶಾಸನದ ವ್ಯಾಖ್ಯೆಯಂತೆ ಗಾಂಜಾ ಎಂದರೆ ಗಿಡದ ಹೂತ ಅಥವಾ ಕಾಯಿಬಿಟ್ಟ ತೆನೆ. ತೆನೆಯೊಡನೆ ಕೂಡಿರದ ಎಲೆ ಮತ್ತು ಬೀಜಗಳು ಗಾಂಜಾವಲ್ಲ. ಹೊಲದಲ್ಲಿ ದಾಳಿ ನಡೆಯುವಾಗ ಆಗುವುದೇನು? ಗಿಡಗಳನ್ನು ಬೇರುಸಹಿತ ಕೀಳುವರು. ಬೇರು, ಬೇರಿಗಂಟಿದ ಮಣ್ಣು, ಹಸಿಯಾದ ಕಾಂಡ, ಎಲೆ, ತೆನೆ ಎಲ್ಲವನ್ನೂ ಕಟ್ಟಿ ತಕ್ಕಡಿಗೆ ಹಾಕಿದರೆ ಕೆಲವೇ ಗಿಡಗಳಿಂದ ೨೦ ಕಿಲೋ ಮೀರುವುದು ಕಷ್ಟವಲ್ಲ. ಅದೇ ಗಿಡಗಳ ತೆನೆಯನ್ನು ಮುರಿದು ತೂಗಿದರೆ ಎಷ್ಟಾಗುತ್ತಿತ್ತೆಂಬುದು ಮಹಜರಿನಲ್ಲಿರುವುದಿಲ್ಲ. ಆ ತೂಕದ ಅಂಕೆಯೊಂದರಿಂದ ಮೊಕದ್ದಮೆಯು ವಾಣಿಜ್ಯ ಪ್ರಮಾಣಕ್ಕೇರಿ, ೩೭ನೆಯ ಕಲಮು ಬಾಗಿಲು ಮುಚ್ಚುವುದು. ಆಪಾದನಾಪತ್ರಕ್ಕೆ ೯೦ ದಿನಗಳ ಬದಲು ೧೮೦ ದಿನಗಳ, ಕಾರಣ ತೋರಿಸಿದರೆ ಒಂದು ವರ್ಷದವರೆಗಿನ ಅವಧಿಯು ದೊರೆಯುವುದು. ಕರ್ನಾಟಕ ಹೈಕೋರ್ಟಿನಲ್ಲಿ ಜಾಮೀನು ಅರ್ಜಿಗಳ ವಾದವು ಎಷ್ಟೋ ವೇಳೆ ಈ ಒಂದು ಪ್ರಶ್ನೆಯ ಮೇಲೆಯೇ ನಿಲ್ಲುವುದು: ತೂಗಿದುದು ತೆನೆಯನ್ನೋ, ಇಡೀ ಗಿಡವನ್ನೋ?

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ತಂಬಾಕಿನ ಹರಾಜು ಕಟ್ಟೆಯಿದೆ. ೧೯೭೫ರ ಶಾಸನದ ಮೇರೆಗೆ ಏರ್ಪಟ್ಟ ತಂಬಾಕು ಮಂಡಳಿಯಲ್ಲಿ ಹೆಸರು ನೋಂದಾಯಿಸಿಕೊಂಡ ರೈತನು ತನ್ನ ವರ್ಜೀನಿಯಾ ಸೊಪ್ಪನ್ನು ಅಲ್ಲಿಗೆ ತಂದು ಬೆಲೆ ಪಡೆಯುವನು. ಒಂದು ಸೊಪ್ಪಿಗೆ ಮಂಡಳಿ, ಪರವಾನಗಿ, ಹರಾಜು, ಇನ್ನೊಂದಕ್ಕೆ ತುರಂಗ. ಎರಡರ ಗುಣದೋಷಗಳನ್ನು ತೂಗುವುದು ವೈದ್ಯರ ಕೆಲಸ. ಆದರೆ ರಾಜ್ಯವು ಬಯಸಿದರೆ ಅಮಲಿನ ಬೆಳೆಯೊಂದನ್ನು ದಂಡವಿಲ್ಲದೆ ಹತೋಟಿಯಲ್ಲಿಡಬಲ್ಲುದೆಂಬುದಕ್ಕೆ ಕಾವೇರಿಯ ದಂಡೆಯ ಈ ಹರಾಜು ಕಟ್ಟೆಯೇ ಸಾಕ್ಷಿಯಾಗಿದೆ.

ಭಂಗಿಯ ವಿಷಯವಾಗಿ ಬೆಂಗಳೂರಿನಲ್ಲಿ ನಡೆದ ಒಂದು ಮೊಕದ್ದಮೆಯು ಈ ವ್ಯಾಖ್ಯೆಯ ಬೆಲೆಯನ್ನು ತೋರಿಸುವುದು. ೨೦೨೨ರ ಜೂನ್ ತಿಂಗಳಲ್ಲಿ ಬಿಹಾರ ಪ್ರಾಂತದ ಒಬ್ಬನನ್ನು ಪೊಲೀಸಿನವರು ೨೯ ಕಿಲೋ ಭಂಗಿ ಮತ್ತು ೪೦೦ ಗ್ರಾಂ ಗಾಂಜಾದೊಡನೆ ಹಿಡಿದರು. ಎರಡನ್ನೂ ಒಂದೇ ಜಾತಿಯೆಂದು ಕೂಡಿಸಿದರೆ ಅದು ವಾಣಿಜ್ಯ ಪ್ರಮಾಣ. ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್ ಅವರು ಆಗಸ್ಟ್ ತಿಂಗಳಲ್ಲಿ ಜಾಮೀನು ಕೊಡುತ್ತ, ಭಂಗಿಯು ಶಾಸನದ ವ್ಯಾಖ್ಯೆಯೊಳಗೆ ಬರುವುದಿಲ್ಲವೆಂದೂ, ಹಿಡಿದ ಭಂಗಿಯು ಚರಸ್ ಅಥವಾ ಗಾಂಜಾದಿಂದ ಮಾಡಿದುದೆಂದು ತೋರಿಸುವ ಯಾವ ಶಾಸ್ತ್ರೀಯ ಆಧಾರವನ್ನೂ ಫಿರ್ಯಾದಿ ಪಕ್ಷವು ಒದಗಿಸಿಲ್ಲವೆಂದೂ ಹೇಳಿದರು. ಉಳಿದ ೪೦೦ ಗ್ರಾಂ ಅಲ್ಪ ಪ್ರಮಾಣವಾಗಿದ್ದಿತು. ವಕೀಲರನ್ನಿಟ್ಟು ಹೈಕೋರ್ಟಿಗೆ ಹೋಗುವ ಅನುಕೂಲವು ಅವನಿಗೆ ಹೇಗೋ ಒದಗಿತು. ಅನುಕೂಲವಿಲ್ಲದವನ ಗತಿಯು ಬೇರೆಯಾಗುತ್ತಿದ್ದಿತು. ಹೊಳೆನರಸೀಪುರದಲ್ಲಾಗಲಿ ಚನ್ನರಾಯಪಟ್ಟಣದಲ್ಲಾಗಲಿ ಹಿಡಿಯಲ್ಪಟ್ಟವನನ್ನು ತಾಲ್ಲೂಕಿನ ಮ್ಯಾಜಿಸ್ಟ್ರೇಟರು ಬಂಧನಕ್ಕೆ ಒಪ್ಪಿಸಬಲ್ಲರೇ ಹೊರತು, ಮೂರು ವರ್ಷ ಮೀರಿದ ಶಿಕ್ಷೆಯುಳ್ಳ ಇಂಥ ಆಪಾದನೆಯನ್ನು ವಿಚಾರಿಸಲಾರರು; ಅದು ವಿಶೇಷ ನ್ಯಾಯಾಲಯದ ಅಧಿಕಾರ. ದಿನಗೂಲಿಯ ಸಂಸಾರವೊಂದಕ್ಕೆ ಮೂವತ್ತು ನಾಲ್ವತ್ತು ಕಿಲೋಮೀಟರ್ ದೂರದ ಜಿಲ್ಲಾ ಪಟ್ಟಣಕ್ಕೆ ತಿಂಗಳು ತಿಂಗಳಿಗೆ ಓಡಾಡುವುದೇ ಒಂದು ದಂಡ.

ಇನ್ನು ನ್ಯಾಯಸ್ಥಾನಗಳಲ್ಲಿ ನಡೆದ ಹೋರಾಟ. ೧೯೯೪ರಲ್ಲಿ ಸುಪ್ರೀಂ ಕೋರ್ಟಿನ ಕಾನೂನು ನೆರವು ಸಮಿತಿಯೇ ವಿಚಾರಣಾಧೀನ ಖೈದಿಗಳ ಪರವಾಗಿ ಅರ್ಜಿ ಹಾಕಿ, ವಿಚಾರಣೆಯು ತಡವಾದರೆ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ಸೆರೆಯಲ್ಲಿ ಕಳೆದವರಿಗೆ, ಹತ್ತು ವರ್ಷಕ್ಕೆ ಕಡಮೆಯಿಲ್ಲದ ಶಿಕ್ಷೆಯ ಆಪಾದನೆಯಾದರೆ ಐದು ವರ್ಷ ಕಳೆದವರಿಗೆ, ಜಾಮೀನು ಕೊಡತಕ್ಕದ್ದೆಂಬ ಆಜ್ಞೆಯನ್ನು ಪಡೆಯಿತು. ಐದು ವರ್ಷ ಸೆರೆಯಲ್ಲಿದ್ದು ಜಾಮೀನು ಪಡೆಯುವುದನ್ನು ಉಪಕಾರವೆಂದೆಣಿಸಬೇಕಾದ ಸ್ಥಿತಿಯಿದ್ದಿತೆಂದರೆ ಉಳಿದುದನ್ನು ಊಹಿಸಿಕೊಳ್ಳಬಹುದು. ೧೯೯೯ರ ಬಲದೇವ ಸಿಂಗ್ ಮೊಕದ್ದಮೆಯಲ್ಲಿ ಸಂವಿಧಾನ ಪೀಠವು ೫೦ನೆಯ ಕಲಮನ್ನು ವಿವರಿಸಿ, ಮೈಮೇಲಿನ ಶೋಧನೆಗೆ ಮುಂಚೆ, ಮ್ಯಾಜಿಸ್ಟ್ರೇಟರ ಅಥವಾ ಗೆಜೆಟೆಡ್ ಅಧಿಕಾರಿಯ ಎದುರಿನಲ್ಲಿಯೇ ಶೋಧನೆ ನಡೆಯಬೇಕೆಂದು ಕೇಳುವ ಹಕ್ಕು ಆಪಾದಿತನಿಗೆ ಉಂಟೆಂಬುದನ್ನು ಅವನಿಗೆ ತಿಳಿಸಲೇಬೇಕೆಂದಿತು. ಆದರೆ ಈ ರಕ್ಷಣೆಯು ಮೈಮೇಲಿನ ಶೋಧನೆಗೆ ಮಾತ್ರ, ಕೈಚೀಲಕ್ಕಿಲ್ಲವೆಂದು ೨೦೦೫ರಲ್ಲಿ ತೀರ್ಮಾನವಾಯಿತು. ಅನ್ಯಾಯವಾಗಿ ಇಡಬೇಕೆನ್ನುವವನಿಗೆ ಜೇಬಿಗಿಂತ ಚೀಲವೇ ಸುಲಭವೆಂಬುದನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ೨೦೦೮ರಲ್ಲಿ ಅಫಘಾನ ದೇಶದ ಪ್ರಯಾಣಿಕನೊಬ್ಬನ ಮೊಕದ್ದಮೆಯಲ್ಲಿ, ಮೂಲ ಸಂಗತಿಗಳನ್ನು ಫಿರ್ಯಾದಿಯು ಮೊದಲು ಸಂಶಯಾತೀತವಾಗಿ ಸ್ಥಾಪಿಸಿದ ಹೊರತು ಆಪಾದಿತನ ಮೇಲೆ ಭಾರವು ಬೀಳುವುದಿಲ್ಲವೆಂದೂ, ಶಿಕ್ಷೆಯು ಕಠಿಣವಾದಷ್ಟೂ ರುಜುವಾತು ಕಟ್ಟುನಿಟ್ಟಾಗಿರಬೇಕೆಂದೂ ನಿರ್ಣಯವಾಯಿತು. ೨೦೧೬ರಲ್ಲಿ, ಮಾದರಿಗಳನ್ನು ಮ್ಯಾಜಿಸ್ಟ್ರೇಟರ ಎದುರಿನಲ್ಲಿ ತೆಗೆಯಬೇಕೆಂದಾಯಿತು. ದೂರು ಕೊಟ್ಟ ಅಧಿಕಾರಿಯೇ ತನಿಖೆಯನ್ನೂ ನಡೆಸಕೂಡದೆಂದು ೨೦೧೮ರಲ್ಲಿ ಹೇಳಿದುದನ್ನು ೨೦೨೦ರ ಆಗಸ್ಟ್‌ನಲ್ಲಿ ಸಂವಿಧಾನ ಪೀಠವು ತೆಗೆದುಹಾಕಿತು. ಹೀಗೆ ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ.

೧೮೫೫ರ ಹಳೆಯ ವರದಿಯು ಮತ್ತೆ ಪ್ರಸ್ತುತವಾದುದು ೨೦೨೦ರ ಅಕ್ಟೋಬರ್ ೨೯ರಂದು. ೧೯೮೫ರ ಶಾಸನದ ೬೭ನೆಯ ಕಲಮಿನಂತೆ ಅಧಿಕಾರಿಗಳು ಯಾರನ್ನಾದರೂ ಕರೆಸಿ ವಿಚಾರಿಸಬಹುದು. ಮಾದಕ ದ್ರವ್ಯ ಇಲಾಖೆಯ ಅಧಿಕಾರಿಗಳು ಪೊಲೀಸಿನವರಲ್ಲವೆಂಬ ವಾದದಿಂದ, ಅವರ ಮುಂದೆ ಬರೆಸಿಕೊಂಡ ತಪ್ಪೊಪ್ಪಿಗೆಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಿ ಅನೇಕರಿಗೆ ಶಿಕ್ಷೆಯಾಗುತ್ತಿದ್ದಿತು. ಸಮವಸ್ತ್ರದ ಬಣ್ಣವು ಬದಲಾದ ಮಾತ್ರಕ್ಕೆ ಬಾಗಿಲು ಹಾಕಿದ ಕೋಣೆಯೊಳಗಿನ ಭಯವು ಬದಲಾಗುವುದೆ? ತೂಫಾನ್ ಸಿಂಗ್ ಮೊಕದ್ದಮೆಯಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು, ಇಬ್ಬರ ಬಹುಮತದಿಂದ, ಈ ಅಧಿಕಾರಿಗಳೂ ೨೫ನೆಯ ಕಲಮಿನ ಅರ್ಥದಲ್ಲಿ ಪೊಲೀಸ್ ಅಧಿಕಾರಿಗಳೇ, ಅವರ ಮುಂದಿನ ಒಪ್ಪಿಗೆಯಿಂದ ಶಿಕ್ಷೆ ಕೊಡುವಂತಿಲ್ಲವೆಂದು ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ನಾರಿಮನ್ ಅವರು. ನ್ಯಾಯಮೂರ್ತಿ ಇಂದಿರಾ ಬ್ಯಾನರ್ಜಿ ಅವರು ಭಿನ್ನಾಭಿಪ್ರಾಯವನ್ನು ದಾಖಲಿಸಿದರು. ೧೮೭೨ರ ಶಾಸನವು ೨೦೨೪ರ ಜುಲೈ ೧ರಂದು ರದ್ದಾದರೂ ಅದರ ಆ ಸಾಲು ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮಿನಲ್ಲಿ ಉಳಿದುಬಂದಿದೆ. ಅದೇ ದಿನದಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ೧೦೫ನೆಯ ಕಲಮು, ಶೋಧನೆಯನ್ನೂ ಮಹಜರಿನ ತಯಾರಿಯನ್ನೂ ಧ್ವನಿಚಿತ್ರ ಯಂತ್ರದಿಂದ ದಾಖಲೆ ಮಾಡತಕ್ಕದ್ದೆಂದು ವಿಧಿಸಿದೆ.

ಸುಳ್ಳು ಆಪಾದನೆಯೆಂಬುದು ಕೇವಲ ವಕೀಲರ ಕಲ್ಪನೆಯೆಂದು ತಿಳಿದವರಿಗೆ ನೆರೆಯ ಕೇರಳದ ಸಂಗತಿಯನ್ನು ಹೇಳಬೇಕು. ೨೦೨೩ರ ಫೆಬ್ರವರಿಯಲ್ಲಿ ಚಾಲಕುಡಿಯಲ್ಲಿ ಸೌಂದರ್ಯಾಲಯವನ್ನು ನಡೆಸುತ್ತಿದ್ದ ಒಬ್ಬ ಗೃಹಿಣಿಯ ಕೈಚೀಲದಲ್ಲಿ ಎಲ್.ಎಸ್.ಡಿ. ಎಂಬ ಅಮಲಿನ ಚೀಟಿಗಳು ಸಿಕ್ಕಿದುವೆಂದು ಅಬಕಾರಿ ಅಧಿಕಾರಿಗಳು ಅವರನ್ನು ಬಂಧಿಸಿದರು. ಆಕೆಯು ೭೨ ದಿನ ಸೆರೆಮನೆಯಲ್ಲಿದ್ದರು. ತರುವಾಯ ರಾಸಾಯನಿಕ ಪರೀಕ್ಷೆಯ ವರದಿಯು ಬಂದಿತು: ಚೀಟಿಗಳಲ್ಲಿ ಅಮಲಿನ ಪದಾರ್ಥವೇ ಇರಲಿಲ್ಲ. ಪರೀಕ್ಷೆಗೆ ಮುಂಚೆ ಸೆರೆ, ಸೆರೆಯ ಆಮೇಲೆ ಪರೀಕ್ಷೆ: ಈ ವ್ಯತ್ಯಸ್ತ ಕ್ರಮದಲ್ಲಿಯೇ ಅನರ್ಥದ ಮೂಲವಿದೆ. ಪ್ರಯೋಗಶಾಲೆಗಳು ಸಾಕಷ್ಟಿದ್ದು ವರದಿಗಳು ವಾರದೊಳಗೆ ಬರುವಂತಾದರೆ, ಎಷ್ಟೋ ತಿದ್ದುಪಡಿಗಳಿಂದಾಗದ ಉಪಕಾರವು ಅದೊಂದರಿಂದ ಆಗುವುದು.

ಅರಕಲಗೂಡಿನ ಎಲ್ಲೆಗೆ ಹೊಂದಿಕೊಂಡಿರುವ ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಠಾಣೆಯಲ್ಲಿ ಹುಟ್ಟಿದ ಇನ್ನೊಂದು ಮೊಕದ್ದಮೆಯು ಗಾಂಜಾಕ್ಕೆ ಸೇರಿದುದಲ್ಲವಾದರೂ ಇದೇ ಪಾಠವನ್ನು ಕಲಿಸುವುದು. ಕೊಡಗಿನ ಗಿರಿಜನ ಪಂಗಡದ ಒಬ್ಬನು ತನ್ನ ಹೆಂಡತಿ ಕಾಣೆಯಾಗಿರುವಳೆಂದು ತಾನೇ ದೂರು ಕೊಟ್ಟನು. ೨೦೨೧ರಲ್ಲಿ ಬೆಟ್ಟದಪುರದ ಸರಹದ್ದಿನಲ್ಲಿ ಒಂದು ಅಸ್ಥಿಪಂಜರವು ದೊರೆಯಲು, ಅದು ಅವಳದೇ ಎಂದು ನಿಶ್ಚಯಿಸಿ ಅವನ ಮೇಲೆ ಕೊಲೆಯ ಆಪಾದನೆಯನ್ನು ಹೊರಿಸಲಾಯಿತು. ವಂಶವಾಹಿ ಪರೀಕ್ಷೆಯು ಅಸ್ಥಿಗಳು ಅವಳವಲ್ಲವೆಂದು ಹೇಳಿದರೂ ಮೊಕದ್ದಮೆಯು ನಿಲ್ಲಲಿಲ್ಲ. ಒಂದೂವರೆ ವರ್ಷಕ್ಕೂ ಮಿಕ್ಕಿ ಅವನು ಸೆರೆಯಲ್ಲಿದ್ದನು. ೨೦೨೫ರ ಏಪ್ರಿಲ್ ತಿಂಗಳಲ್ಲಿ ಅವಳು ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿಕೊಂಡಳು. ಮೈಸೂರಿನ ಸೆಷನ್ಸ್ ನ್ಯಾಯಾಲಯವು ಅವನನ್ನು ಗೌರವದಿಂದ ಬಿಡುಗಡೆ ಮಾಡಿ, ಗೃಹ ಇಲಾಖೆಯು ಅವನಿಗೆ ಒಂದು ಲಕ್ಷ ರೂಪಾಯಿಗಳನ್ನು ಕೊಡಬೇಕೆಂದು ಆಜ್ಞಾಪಿಸಿತು.

ಆ ಒಂದು ಲಕ್ಷವು ಯಾವ ಲೆಕ್ಕದಿಂದ ಬಂದಿತು? ಹಾಗೊಂದು ಲೆಕ್ಕವು ಶಾಸನದಲ್ಲಿಲ್ಲ. ತಪ್ಪು ಆಪಾದನೆಯಿಂದ ಸೆರೆಯನ್ನನುಭವಿಸಿದವನು ಇಂತಿಷ್ಟು ಪರಿಹಾರಕ್ಕೆ ಹಕ್ಕುದಾರನೆಂದು ಹೇಳುವ ಶಾಸನವೇ ಈ ದೇಶದಲ್ಲಿಲ್ಲ. ೨೦೧೮ರ ಆಗಸ್ಟ್ ತಿಂಗಳಲ್ಲಿ ಭಾರತದ ಕಾನೂನು ಆಯೋಗವು ತನ್ನ ೨೭೭ನೆಯ ವರದಿಯಲ್ಲಿ, ಅನ್ಯಾಯವಾಗಿ ಮೊಕದ್ದಮೆಗೊಳಗಾದವರ ಪರಿಹಾರಕ್ಕಾಗಿ ವಿಶೇಷ ನ್ಯಾಯಾಲಯಗಳನ್ನೂ ಗೊತ್ತಾದ ಕ್ರಮವನ್ನೂ ಏರ್ಪಡಿಸಬೇಕೆಂದು ಸೂಚಿಸಿತು. ೨೦೨೩ರಲ್ಲಿ ಮೂರು ಹೊಸ ಸಂಹಿತೆಗಳು ಅಂಗೀಕಾರವಾದಾಗ ಆ ಸೂಚನೆಯ ಪ್ರಕಾರದ ವ್ಯವಸ್ಥೆಯು ಅವುಗಳಲ್ಲಿ ಸೇರಲಿಲ್ಲ. ಗಾಂಜಾ ಶಾಸನದ ೫೮ನೆಯ ಕಲಮಿನಲ್ಲಿ, ಸಾಕಾದ ಆಧಾರವಿಲ್ಲದೆ ಪೀಡಿಸುವುದಕ್ಕಾಗಿ ಶೋಧನೆ ಅಥವಾ ಬಂಧನ ಮಾಡಿದ ಅಧಿಕಾರಿಗೆ ದಂಡನೆಯನ್ನು ಹೇಳಿದೆ. ಬೇಕೆಂದೇ ಸುಳ್ಳು ವರ್ತಮಾನ ಕೊಟ್ಟು ಬಂಧಿಸುವಂತೆ ಮಾಡಿದವನಿಗೆ ಎರಡು ವರ್ಷಗಳವರೆಗಿನ ಸೆರೆಯುಂಟು. ಅಧಿಕಾರಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಒಂದು ಸಾವಿರ ರೂಪಾಯಿಗಳವರೆಗಿನ ಜುಲ್ಮಾನೆ, ಅಥವಾ ಎರಡೂ. ಅದೇ ಶಾಸನದಲ್ಲಿ ವಾಣಿಜ್ಯ ಪ್ರಮಾಣದ ಗಾಂಜಾ ತನ್ನ ವಶದಲ್ಲಿತ್ತೆಂದು ತೀರ್ಮಾನವಾದವನ ಜುಲ್ಮಾನೆಯು ಒಂದು ಲಕ್ಷ ರೂಪಾಯಿಗಳಿಂದ ಪ್ರಾರಂಭವಾಗುವುದು.